ಸೊಳ್ಳೆ ಕಿವಿಗೆ ಬಂದು ಹೇಳುವ ಮಾತು

ಲೋಕ ಆಗಿನ್ನೂ ಹಸಿಯಾಗಿತ್ತು. ಬೆಟ್ಟಗಳು ಒಣಗಿರಲಿಲ್ಲ, ಬಂಡೆಗಳು ಗಟ್ಟಿಯಾಗಿರಲಿಲ್ಲ. ಆನೆ ನಡೆದಲ್ಲೆಲ್ಲ ನೆಲ ತಗ್ಗಾಗಿ ಹಾಗೇ ಉಳಿಯುತ್ತಿತ್ತು. ಯಾರ ಮನೆ ಎಲ್ಲಿ, ಯಾರ ಊಟ ಯಾವುದು ಎಂದು ಇನ್ನೂ ತೀರ್ಮಾನ ಆಗಿರಲಿಲ್ಲ.

ಎಲ್ಲರೂ ಎಲ್ಲರ ಹತ್ತಿರ ಮಾತನಾಡುತ್ತಿದ್ದ ಕಾಲ ಅದು. ಹೊಳೆ ಮಾತನಾಡುತ್ತಿತ್ತು, ಗಾಳಿ ಮಾತನಾಡುತ್ತಿತ್ತು. ಮೀನು ಕೂಡ ಮಾತನಾಡುತ್ತಿತ್ತು. ಬಾಯಲ್ಲಿ ಸದಾ ನೀರು ತುಂಬಿರುತ್ತಿದ್ದರಿಂದ ಅದು ಹೇಳಿದ್ದರಲ್ಲಿ ಅರ್ಧ ಯಾರಿಗೂ ತಿಳಿಯುತ್ತಿರಲಿಲ್ಲ, ಅಷ್ಟೆ.

ಸೊಳ್ಳೆಗೆ ಮಾತ್ರ ದನಿ ಇದ್ದೂ ಇಲ್ಲದ ಹಾಗೆ. ಈಗಿನಂತೆ ಗುಂಯ್ ಎನ್ನುತ್ತಿರಲಿಲ್ಲ. ಅದು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಅದೇನಾದರೂ ಹೇಳಿದರೆ ಕೇಳುವವರು ಉಸಿರು ಬಿಗಿಹಿಡಿದು ಬಗ್ಗಬೇಕಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಹಾಗಾಗಿ ಸೊಳ್ಳೆಯ ಜೊತೆ ಯಾರೂ ಹೆಚ್ಚು ಮಾತನಾಡುತ್ತಿರಲಿಲ್ಲ.

ಆ ಕಾಲದಲ್ಲಿ ಹೊಳೆಯಿಂದ ದೂರದ ಒಂದು ದಿಬ್ಬದ ಮೇಲಿನ ಊರಿನಲ್ಲಿ ಹೊಂಬಾಳಿ ಎಂಬ ಹೆಂಗಸು ಇದ್ದಳು. ತಲೆ ನರೆತಿತ್ತು, ಕೈ ಮಾತ್ರ ಗಟ್ಟಿಯಾಗಿತ್ತು. ಅವಳ ಮಗಳು ಒಂದು ಹೆಣ್ಣುಕೂಸನ್ನು ಹೆತ್ತು ಅವಳ ಮಡಿಲಿಗಿಟ್ಟು ಕಣ್ಣು ಮುಚ್ಚಿದ್ದಳು. ಆ ಕೂಸಿಗೆ ಚಿಕ್ಕತಾಯಿ ಎಂದು ಹೆಸರು. ಹೊಂಬಾಳಿಗೆ ಅವಳನ್ನು ಬಿಟ್ಟರೆ ತನ್ನವರು ಅನ್ನುವವರು ಬೇರೆ ಯಾರೂ ಇರಲಿಲ್ಲ.

ಚಿಕ್ಕತಾಯಿಗೆ ಬಾಯಾರಿದಾಗಲೆಲ್ಲ ಹೊಂಬಾಳಿ ಅವಳನ್ನು ಎತ್ತಿಕೊಂಡು ದಿಬ್ಬ ಇಳಿದು ಹೊಳೆಗೆ ಹೋಗಬೇಕಿತ್ತು. ಬೊಗಸೆಯಲ್ಲಿ ನೀರು ಕುಡಿಸಿ, ಮತ್ತೆ ಎತ್ತಿಕೊಂಡು ದಿಬ್ಬ ಹತ್ತಬೇಕಿತ್ತು. ಹತ್ತುವಷ್ಟರಲ್ಲಿ ಕೂಸಿಗೆ ಇನ್ನೊಂದು ಸಲ ಬಾಯಾರುತ್ತಿತ್ತು.

ಒಂದು ದಿನ ಮಳೆ ನಿಂತ ಮೇಲೆ ಹೊಂಬಾಳಿ ಜೇಡಿಮಣ್ಣಿನಲ್ಲಿ ಒಂದು ಎಮ್ಮೆಯ ಹೆಜ್ಜೆ ನೋಡಿದಳು. ಹೆಜ್ಜೆ ಮಳೆಗೆ ಮೊದಲೇ ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಅದರೊಳಗೆ ನೀರು ನಿಂತಿತ್ತು. ಹೊಂಬಾಳಿ ಅದನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಆಮೇಲೆ ಮಣ್ಣು ಕಲಸಿದಳು, ತಟ್ಟಿದಳು, ತಿರುಗಿಸಿದಳು, ಬೆಂಕಿಯಲ್ಲಿ ಬೇಯಿಸಿದಳು. ಲೋಕದ ಮೊದಲ ಮಡಿಕೆ ಹುಟ್ಟಿದ್ದು ಹಾಗೆ. ಅದು ಒಂದು ಕಡೆ ಸೊಟ್ಟಗಿತ್ತು. ಆದರೂ ನೀರು ಚೆಲ್ಲಲಿಲ್ಲ.

ಮಡಿಕೆ ತುಂಬಿಸಿ ಸೊಂಟದ ಮೇಲಿಟ್ಟುಕೊಂಡಾಗ ಹೊಳೆ ಕೇಳಿತು: "ಹೊಂಬಾಳವ್ವ, ನನ್ನ ಹೊತ್ಕೊಂಡು ಎಲ್ಲಿಗೆ ಹೊಂಟೆ?"

"ಮನೆಗೆ ಕಣವ್ವ. ಕೂಸಿಗೆ ದಾಹ."

"ಹೊತ್ಕೊಂಡು ಹೋಗು, ಬ್ಯಾಡ ಅನ್ನಲ್ಲ. ಆದ್ರೆ ನನ್ನ ಕೂರಿಸ್ಬ್ಯಾಡ. ನಡೀತಿದ್ರೆ ನಾನು ಹೊಳೆ. ಕೂತ್ರೆ ಏನಾಯ್ತೀನೋ ನಂಗೇ ಗೊತ್ತಿಲ್ಲ. ಹೊಸ ನೀರು ತುಂಬೋವಾಗ ಹಳೇದ್ನ ಚೆಲ್ಬುಡು."

"ಆಗ್ಲಿ ಆಗ್ಲಿ," ಎಂದಳು ಹೊಂಬಾಳಿ. ಸೊಂಟದ ಮೇಲೆ ಭಾರ ಇದ್ದಾಗ ಯಾರು ತಾನೆ ಪೂರ್ತಿ ಮಾತು ಕೇಳುತ್ತಾರೆ? ಅವಳು ಅರ್ಧ ಕೇಳಿಸಿಕೊಂಡು ದಿಬ್ಬ ಹತ್ತಿದಳು.

ಊರಿನವರೆಲ್ಲ ಮಡಿಕೆ ನೋಡಲು ಬಂದರು. ನೋಡಿದವರಿಗೆಲ್ಲ ಮಡಿಕೆ ಬೇಕೆನಿಸಿತು. ಹೊಂಬಾಳಿ ಮಣ್ಣು ತಿರುಗಿಸಲು ತಿಗರಿ ಮಾಡಿಕೊಂಡಳು, ಮಡಿಕೆ ಬೇಯಿಸಲು ಆವಿಗೆ ಕಟ್ಟಿಕೊಂಡಳು. ಕೊಡ ಮಾಡಿದಳು, ಗುಡಾಣ ಮಾಡಿದಳು, ದನ ಕುಡಿಯಲು ಬಾನಿ ಮಾಡಿದಳು. ಮನೆಮನೆಯ ಮುಂದೆ ನೀರು ಬಂದು ಕೂತಿತು.

ಊರಿನ ಯಜಮಾನ ಬೆಟ್ಟಯ್ಯ. ಒಂದು ಬೆಳಗ್ಗೆ ಅವನ ಹಸು ಕಳೆದಿತ್ತು. ಹುಡುಕಲು ಹೊರಟಾಗ ಹೆಂಡತಿ ಸಣ್ಣಮ್ಮ ತುಂಬಿದ ಕೊಡ ಹೊತ್ತು ಎದುರಿಗೆ ಬಂದಳು. ಹಸು ಸಿಕ್ಕಿತು. ಇನ್ನೊಂದು ಬೆಳಗ್ಗೆ ಹೊರಟಾಗ ಬಾಗಿಲಲ್ಲಿ ಬರಿ ಕೊಡ ಇತ್ತು. ಕಾಲಿಗೆ ಮುಳ್ಳು ಚುಚ್ಚಿತು. ಮುಳ್ಳು ಅಲ್ಲಿ ಮೊದಲಿಂದಲೂ ಇತ್ತು, ಆದರೆ ಬೆಟ್ಟಯ್ಯ ಕೊಡವನ್ನು ದೂರಿದ.

"ತುಂಬಿದ ಕೊಡ ಒಳ್ಳೇದು, ಬರಿ ಕೊಡ ಕೆಟ್ಟದ್ದು," ಎಂದ ಬೆಟ್ಟಯ್ಯ. "ಇನ್ಮೇಲೆ ಯಾರ ಮನೆ ಮುಂದೂ ಬರಿ ಕೊಡ ಕಾಣಿಸ್ಬಾರ್ದು."

ಯಜಮಾನ ಹೇಳಿದ ಮೇಲೆ ಮುಗಿಯಿತು. ಜನ ಬೇಕಾದ ಕೊಡವನ್ನೂ ತುಂಬಿಸಿದರು, ಬೇಡವಾದ ಕೊಡವನ್ನೂ ತುಂಬಿಸಿದರು. ಬಾಯಿ ಒಡೆದದ್ದನ್ನೂ ಹಿತ್ತಲಲ್ಲಿ ತುಂಬಿಸಿಟ್ಟರು. ಒರಳಿನ ಗುಂಡಿ ತುಂಬಿಸಿದರು. ತೆಂಗಿನ ಚಿಪ್ಪನ್ನೂ ಬಿಡಲಿಲ್ಲ. ಒಮ್ಮೆ ತುಂಬಿಸಿದ್ದನ್ನು ಚೆಲ್ಲುವುದಕ್ಕೆ ಎಲ್ಲರಿಗೂ ಅಂಜಿಕೆ. ನೀರು ಇಳಿದರೆ ಮೇಲಿಂದ ಒಂದಿಷ್ಟು ಸುರಿಯುತ್ತಿದ್ದರು. ಹೊಂಬಾಳಿಯ ಮನೆ ಮುಂದಂತೂ ಕೊಡಗಳ ಸಾಲು. ಅವಳೇ ಮಾಡಿದ್ದು, ಅವಳೇ ತುಂಬಿಸಿದ್ದು. ಹೋಗುವವರು ಬರುವವರು ನೋಡಿ ಹೊಗಳುತ್ತಿದ್ದರು, ಅವಳು ಹಿಗ್ಗುತ್ತಿದ್ದಳು.

ಹೊಳೆ ಹೇಳಿದ್ದರಲ್ಲಿ ಉಳಿದರ್ಧ ಅವಳ ನೆನಪಿಗೆ ಬರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹೊಂಬಾಳಿ ತಿಗರಿಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕೈ ಅದ್ದಿಕೊಳ್ಳುವ ನೀರಿನ ಬೋಗುಣಿ ಇತ್ತು. ಅದರ ಅಂಚಿನ ಮೇಲೆ ಏನೋ ಬಂದು ಕೂತಂತಾಯಿತು. ಉಸಿರು ಬಿಗಿಹಿಡಿದು ಬಗ್ಗಿದಳು. ಸೊಳ್ಳೆ.

"ನಂಗೆ ಒಸಿ ನೀರು ಕೊಡವ್ವ," ಎಂದಿತು ಸೊಳ್ಳೆ.

"ಕುಡಿ, ಅದಕ್ಕೇನು."

"ಕುಡಿಯಕ್ಕಲ್ಲ. ನಂಗೆ ಹೂವಿನ ಜೇನು ಐತೆ. ಮೊಟ್ಟೆ ಇಡಕ್ಕೆ." ಸೊಳ್ಳೆ ಒಂದು ಕಾಲು ಎತ್ತಿ ಇಳಿಸಿತು. "ಹೊಳೇಲಿ ಇಟ್ಟೆ, ತಿರುಗಿ ನೋಡೋ ವೊತ್ಗೆ ಕೊಚ್ಕೊಂಡು ಹೋಯ್ತು. ಮಡುವಲ್ಲಿ ಇಟ್ಟೆ, ಮೀನು ನುಂಗ್ತು. ಎಲೆ ಮ್ಯಾಗಿನ ಹನೀಲಿ ಇಟ್ಟೆ, ಗಾಳಿ ಬಂದು ಒದರ್ಬುಡ್ತು. ನನ್ನ ಒಂದು ಮರೀನೂ ರೆಕ್ಕೆ ಬಿಚ್ಚಿಲ್ಲ ಕಣವ್ವ."

ಹೊಂಬಾಳಿಯ ಕೈ ತಿಗರಿಯ ಮೇಲೆ ನಿಂತಿತು. ಮಕ್ಕಳು ಕೈಬಿಟ್ಟು ಹೋಗುವುದು ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳಿಗೆ ಪಾಪ ಅನ್ನಿಸಿತು.

"ಎಂಥ ನೀರು ಬೇಕು ನಿಂಗೆ?"

"ಓಡ್ದಿರೋ ನೀರು. ಮೀನಿಲ್ದಿರೋ ನೀರು. ಯಾರೂ ಮುಟ್ದೆ, ಯಾರೂ ಕದಡ್ದೆ ಇರೋ ನೀರು."

ಹೊಂಬಾಳಿ ತನ್ನ ಮನೆ ಮುಂದಿನ ಸಾಲು ನೋಡಿದಳು. ಅಷ್ಟು ಕೊಡಗಳಲ್ಲಿ ಅವಳು ಮುಟ್ಟುತ್ತಿದ್ದದ್ದು ಬಾಗಿಲ ಹತ್ತಿರದ ಒಂದನ್ನು. ಉಳಿದವು ಸುಮ್ಮನೆ ತುಂಬಿಕೊಂಡು ಕೂತಿದ್ದವು.

"ನಾನು ತುಂಬ್ಸಿಟ್ಟು ಮರೆತ ನೀರು ನಿಂದು. ಸರೀನಾ?" ಎಂದಳು.

ಹಸಿಮಣ್ಣಿನ ಮೇಲೆ ಹೆಬ್ಬೆಟ್ಟು ಒತ್ತಿ ಮಾತು ಕೊಡುವುದು ಆಗಿನ ರೂಢಿ. ಮಣ್ಣು ಬೆಂದ ಮೇಲೆ ಮಾತು ಅಳಿಸುವಂತಿಲ್ಲ. ಹೊಂಬಾಳಿ ತಿಗರಿಯ ಮೇಲಿದ್ದ ಹಸಿ ಮಡಿಕೆಯ ಕತ್ತಿಗೆ ಹೆಬ್ಬೆಟ್ಟು ಒತ್ತಿದಳು. ಸಂಜೆ ಅದನ್ನು ಆವಿಗೆಗೆ ಹಾಕಿದಳು. ಸೊಳ್ಳೆ ಅಲ್ಲೇ ದೂರದಲ್ಲಿ ಕೂತು ಬೆಂಕಿ ಆರುವ ತನಕ ನೋಡಿತು. ಅದು ಹೆಬ್ಬೆಟ್ಟಿನ ಮಡಿಕೆಯ ಪಕ್ಕದಲ್ಲೇ ಮನೆ ಮಾಡಿಕೊಂಡಿತು.

ಕೆಲವು ದಿನಕ್ಕೆ ಚಿಕ್ಕತಾಯಿ ಓಡಿ ಬಂದಳು. ಈಗ ಅವಳು ಮಾತನಾಡುವ ಹುಡುಗಿ.

"ಅಜ್ಜೀ, ಕೊಡದೊಳಗೆ ಏನೋ ಕುಣೀತಾವೆ!"

ನಿಜವಾಗಿಯೂ ಕುಣಿಯುತ್ತಿದ್ದವು. ಸಣ್ಣ ಸಣ್ಣ ಮರಿಗಳು, ದಾರದ ತುಂಡಿನಷ್ಟು. ತಲೆ ಕೆಳಗೆ, ಬಾಲ ಮೇಲೆ. ಬಾಲದ ತುದಿಯನ್ನು ನೀರಿನ ಮೇಲಕ್ಕಿಟ್ಟು ಉಸಿರಾಡುತ್ತಿದ್ದವು. ಚಿಕ್ಕತಾಯಿಯ ನೆರಳು ಬಿದ್ದರೆ ಬಳುಕುತ್ತ ಬಳುಕುತ್ತ ಕೆಳಕ್ಕೆ ಹೋಗುತ್ತಿದ್ದವು. ನೆರಳು ಸರಿದರೆ ಬಳುಕುತ್ತ ಬಳುಕುತ್ತ ಮೇಲಕ್ಕೆ ಬರುತ್ತಿದ್ದವು. ಹುಡುಗಿ ನಕ್ಕಳು. ಅಜ್ಜಿಯೂ ನಕ್ಕಳು. ಮರಿಗಳು ಚಂದವಾಗಿಯೇ ಇದ್ದವು, ಸುಳ್ಳು ಹೇಳಬಾರದು.

ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಮರಿಗಳಿಗೆ ರೆಕ್ಕೆ ಬಂತು. ಲೋಕ ಹೊಸದಾಗಿದ್ದರೂ ಸಂತೆ ಆಗಲೇ ಶುರುವಾಗಿತ್ತು. ಹಾರಿದ ಸೊಳ್ಳೆಗಳು ಪಕ್ಕದ ಮನೆಯ ಕೊಡ ನೋಡಿದವು, ಅದರಾಚೆಯ ಒರಳು ನೋಡಿದವು. ಎಲ್ಲೆಲ್ಲೂ ಮರೆತ ನೀರು. ಬಸುರಿ ಸೊಳ್ಳೆಗಳಿಗೆ ಹೂವಿನ ಜೇನು ಸಾಲದಾಯಿತು. ಮೊಟ್ಟೆ ಬಲಿಯಲು ಒಂದು ತೊಟ್ಟು ರಕ್ತ ಬೇಕೆನಿಸಿತು. ಕಚ್ಚಿದವು. ಜನ ಕೆರೆದುಕೊಂಡರು, ಬೈದರು, ಮಲಗಿದರು.

ಹೊಳೆಯಾಚೆಯ ಜವುಗಿನಲ್ಲಿ ಚಳಿಜ್ವರ ಅನ್ನುವುದೊಂದು ಕೂತಿತ್ತು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಲೋಕ ಹುಟ್ಟಿದಂದಿನಿಂದ ಕೂತಲ್ಲೇ ಕೂತಿತ್ತು. ದಾರಿ ತಪ್ಪಿ ಅತ್ತ ಹೋದ ಒಂದು ಸೊಳ್ಳೆಯನ್ನು ಅದು ಕೇಳಿತು: "ನಾನೂ ಊರು ನೋಡ್ಬೇಕು. ಬೆನ್ನ ಮ್ಯಾಗೆ ಕೂರ್ಲಾ?"

"ಕೂರು," ಎಂದಿತು ಸೊಳ್ಳೆ. ಅದಕ್ಕೆ ಭಾರವೇ ಗೊತ್ತಾಗಲಿಲ್ಲ.

ಚಳಿಜ್ವರ ಊರು ನೋಡಿತು. ಮೊದಲು ಬೆಟ್ಟಯ್ಯನ ಹೆಂಡತಿ ಸಣ್ಣಮ್ಮನನ್ನು ನೋಡಿತು. ಒಂದು ಹೊತ್ತು ನಡುಕ, ಒಂದು ಹೊತ್ತು ಬೆವರು, ಒಂದು ದಿನ ಏನೂ ಇಲ್ಲ, ಮತ್ತೆ ನಡುಕ. ಹೀಗೆ ಹಾಸಿಗೆ ಹಿಡಿದ ಸಣ್ಣಮ್ಮ ಏಳಲಿಲ್ಲ. ಅವಳನ್ನು ಹೊಳೆದಂಡೆಯಲ್ಲಿ ಮಣ್ಣು ಮಾಡಿ ಬಂದರು. ಆಮೇಲೆ ಚಳಿಜ್ವರ ಹೊಂಬಾಳಿಯ ಮನೆಗೆ ಬಂತು.

ಚಿಕ್ಕತಾಯಿ ನಡುಗಿದಳು. ಒಂದು ಕಂಬಳಿ ಹೊದಿಸಿದರೂ ನಡುಗಿದಳು, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರೂ ನಡುಗಿದಳು. ಹೊಂಬಾಳಿ ತಿಗರಿ ಮುಟ್ಟುವುದನ್ನು ಬಿಟ್ಟು ಹಾಸಿಗೆಯ ಪಕ್ಕದಲ್ಲಿ ಕೂತಳು. ಹುಡುಗಿಯ ಕೆನ್ನೆ ದಿನದಿನಕ್ಕೂ ಇಳಿಯಿತು. ಮಣ್ಣು ಒಡೆದರೆ ಮತ್ತೆ ಕಲಸಬಹುದು, ಈ ಹುಡುಗಿ ಹೋದರೆ ಏನು ಮಾಡಲಿ ಎಂದು ಹೊಂಬಾಳಿಗೆ ಹೆದರಿಕೆಯಾಯಿತು.

ಹಣೆಗೆ ಒದ್ದೆ ಬಟ್ಟೆ ಹಾಕಲೆಂದು ನೀರಿಗೆ ಎದ್ದಳು. ಬಾಗಿಲ ಕೊಡ ಖಾಲಿ. ಸಾಲಿನ ಕೊನೆಯ ಕೊಡಕ್ಕೆ ಕೈ ಹಾಕಿದಳು. ಮರಿಗಳು ಬಳುಕುತ್ತ ಕೆಳಕ್ಕೆ ಹೋದವು. ಅವಳು ನೋಡುತ್ತಿದ್ದ ಹಾಗೇ ಒಂದು ಮರಿ ನೀರಿನ ಮೇಲೆ ಬಂದು ಬೆನ್ನು ಬಿರಿದು, ಸೊಳ್ಳೆಯಾಗಿ ಹೊರಬಂದು, ತನ್ನ ಹಳೆಯ ಚರ್ಮದ ಮೇಲೆಯೇ ನಿಂತು ರೆಕ್ಕೆ ಒಣಗಿಸಿಕೊಂಡಿತು. ಆಮೇಲೆ ನೇರ ಚಿಕ್ಕತಾಯಿ ಮಲಗಿದ್ದ ಕೋಣೆಗೆ ಹಾರಿತು.

ಹೊಂಬಾಳಿ ಹೊಳೆಗೆ ಓಡಿದಳು.

"ಹೇಳಿದ್ದೆ," ಎಂದಿತು ಹೊಳೆ. "ಕೂರಿಸ್ಬ್ಯಾಡ ಅಂದಿದ್ದೆ."

"ನೀನಾದ್ರೂ ಬಂದು ಈ ಸೊಳ್ಳೆಗಳ್ನ ಎತ್ಕೊಂಡು ಹೋಗಪ್ಪ," ಎಂದು ಗಾಳಿಯನ್ನು ಬೇಡಿದಳು.

"ಬಯಲಲ್ಲಿ ಸಿಕ್ರೆ ಹಾರಿಸ್ತೀನಿ," ಎಂದಿತು ಗಾಳಿ. "ಕೊಡದ ಹೊಟ್ಟೆಯೊಳಗೆ ನುಗ್ಗಿ ತಿರುಗಕ್ಕೆ ನಂಗೆ ಜಾಗ ಎಲ್ಲೈತೆ?"

ಮೀನು ಬಾಯಿ ತೆರೆದು ಏನೋ ಹೇಳಿತು. ದೊಡ್ಡ ಬಾನಿಗೆ ಬಿಟ್ಟರೆ ಸೊಳ್ಳೆಮರಿಗಳನ್ನು ತಿನ್ನುತ್ತೇನೆ ಎಂದು ಹೇಳಿತ್ತು. ಅವಳಿಗೆ ಆಗ ಅದು ಅರ್ಥವಾಗಲಿಲ್ಲ. ಅರ್ಥವಾಗಿ ಬಾನಿಗೆ ಮೀನು ಬಿಡಲು ಅವಳಿಗೆ ಇನ್ನೂ ಬಹಳ ಕಾಲ ಬೇಕಾಯಿತು.

ಅವಳು ತಿರುಗಿ ಬಂದು ಹೆಬ್ಬೆಟ್ಟಿನ ಮಡಿಕೆಯ ಮುಂದೆ ಕೂತಳು. ಸೊಳ್ಳೆ ಮಡಿಕೆಯ ಕತ್ತಿನ ಮೇಲಿತ್ತು. ಅದಕ್ಕೀಗ ಮಕ್ಕಳು, ಮೊಮ್ಮಕ್ಕಳು, ಮರಿಮೊಮ್ಮಕ್ಕಳು. ಬಹಳ ಸಂತೋಷವಾಗಿತ್ತು.

"ಕೊಟ್ಟ ಮಾತು ವಾಪಸ್ ಕೊಡು," ಎಂದಳು ಹೊಂಬಾಳಿ.

"ಈ ಹೆಬ್ಬೆಟ್ಟು ನಿಂದಲ್ವಾ?"

"ನಂದೇ. ನನ್ನ ಕೂಸು ಸಾಯ್ತಾ ಐತೆ ಕಣೆ."

"ನೀರು ಚೆಲ್ಲಿದ್ರೆ ನನ್ನ ಮಕ್ಳು ಸಾಯ್ತಾವೆ," ಎಂದಿತು ಸೊಳ್ಳೆ. ಅದರ ದನಿಯಲ್ಲಿ ಹಗೆ ಇರಲಿಲ್ಲ. "ನಿನ್ನ ಕೂಸು ನಿಂಗೆ, ನನ್ನ ಕೂಸು ನಂಗೆ. ಅಳಬ್ಯಾಡ ಹೋಗು."

ಹೊಂಬಾಳಿ ಪಕ್ಕದಲ್ಲಿದ್ದ ಕಲ್ಲು ಎತ್ತಿಕೊಂಡಳು. ಮಡಿಕೆ ಒಡೆದರೆ ಬೆಟ್ಟಿನ ಗುರುತೂ ಹೋಗುತ್ತದೆ, ಮಾತೂ ಹೋಗುತ್ತದೆ. ಸೊಳ್ಳೆಗೂ ಅದು ಗೊತ್ತಿತ್ತು. ಅದು ಸುಮ್ಮನೆ ಕೂತಿತ್ತು. ಹೊಂಬಾಳಿಯ ಕೈ ಮೇಲೆದ್ದದ್ದು ಮೇಲೆಯೇ ನಿಂತಿತು. ತನ್ನ ಕೈಯಾರೆ ಮಾಡಿದ ಮಡಿಕೆಯನ್ನು ಅವಳು ಒಂದನ್ನೂ ಒಡೆದವಳಲ್ಲ. ಕೊಟ್ಟ ಮಾತನ್ನಂತೂ ಎಂದೂ ಮುರಿದವಳಲ್ಲ. ಬೆಟ್ಟಿನ ಗುರುತನ್ನು ನೋಡುತ್ತ ನೋಡುತ್ತ ಅವಳಿಗೆ ಆ ದಿನ ತಾನು ಆಡಿದ ಮಾತು ಪೂರ್ತಿ ನೆನಪಾಯಿತು.

ಕಲ್ಲು ಕೆಳಗಿಟ್ಟಳು.

"ಮರೆತ ನೀರು ನಿಂದು ಅಂದಿದ್ದೆ. ಅಲ್ವಾ?"

"ಹೌದು."

"ನೆನಪಲ್ಲಿರೋ ನೀರು?"

ಸೊಳ್ಳೆ ಯೋಚಿಸಿತು. "ಅದು ನಿಂದೇ."

"ಹಂಗಾದ್ರೆ ನಾನು ಮರೆಯಲ್ಲ. ನಿನ್ನ ಮಡಿಕೆ ಒಡೆಯಲ್ಲ, ಮಾತು ಮುರಿಯಲ್ಲ. ಮರೆತಿದ್ದೆಲ್ಲ ಇವತ್ತಿಗೂ ನಿಂದೇ. ಆದ್ರೆ ನಾನು ಮುದುಕಿ. ನಾನು ಮರೆತ್ರೆ ನಂಗೆ ಹೇಳೋರು ಯಾರು? ನೀನು ಹೇಳ್ಬೇಕು. ಕಳ್ಳನ ಹಂಗೆ ಸದ್ದಿಲ್ದೆ ಬರ್ಬಾರ್ದು. ಮರೆತೋರ ಕಿವಿಗೆ ಬಂದು ಮರೆತೆ ಅಂತ ಹೇಳು, ಆಮ್ಯಾಕೆ ಏನಾದ್ರೂ ಮಾಡ್ಕೊ."

"ಕಿವಿ ಹತ್ರ ಬಂದ್ರೆ ಏಟು ಬೀಳ್ತದೆ," ಎಂದಿತು ಸೊಳ್ಳೆ.

"ಅದು ನಿನ್ನ ಪಾಡು. ಕಲ್ಲು ಇಲ್ಲೇ ಐತೆ ನೋಡು."

ಸೊಳ್ಳೆ ಕಲ್ಲು ನೋಡಿತು, ಹೊಂಬಾಳಿಯನ್ನು ನೋಡಿತು. ಸರಿ ಎಂದಿತು. ಹೊಂಬಾಳಿ ಒಂದು ಮುದ್ದೆ ಹಸಿಮಣ್ಣು ಮುಂದಕ್ಕೆ ತಳ್ಳಿದಳು. ಸೊಳ್ಳೆ ತನ್ನ ಕಾಲುಗಳನ್ನೆಲ್ಲ ಊರಿ ಒತ್ತಿತು. ಮಣ್ಣಿನ ಮೇಲೆ ಗುರುತು ಬೀಳಲಿಲ್ಲ. ಇನ್ನೊಮ್ಮೆ ಒತ್ತಿತು. ಬೀಳಲಿಲ್ಲ. ಅಷ್ಟು ಹಗುರವಾಗಿತ್ತು ಅದು.

"ಕಾಲಲ್ಲಿ ಆಗಲ್ಲ," ಎಂದಿತು. "ರೆಕ್ಕೇಲಿ ಕೊಡ್ತೀನಿ."

ರೆಕ್ಕೆಗಳನ್ನು ಬಿಗಿಯಾಗಿ ಹಿಡಿದು ಜೋರಾಗಿ ಬಡಿಯಿತು. ಗುಂಯ್ ಎಂದು ಸದ್ದು ಎದ್ದಿತು. ಅಲ್ಲಿಯವರೆಗೆ ಯಾರೂ ಕೇಳದ ಸದ್ದು. ಬೆಂದ ಮಣ್ಣಿನಿಂದ ಗುರುತು ಅಳಿಸಲಾಗದ ಹಾಗೆ ಆ ಸದ್ದನ್ನು ರೆಕ್ಕೆಯಿಂದ ಬಿಡಿಸಲು ಸೊಳ್ಳೆಗೆ ಆಮೇಲೆ ಆಗಲೇ ಇಲ್ಲ.

ಹೊಂಬಾಳಿ ಸೆರಗು ಸಿಕ್ಕಿಸಿದಳು. ಮೊದಲ ಕೊಡ ಬಗ್ಗಿಸಿದಳು. ನೀರು ಅಂಗಳದಲ್ಲಿ ಹರಿದು ಬಿಸಿಲಿಗೆ ಇಂಗಿತು. ಕೊಡದ ಒಳಮೈಗೆ ಸೊಳ್ಳೆಯ ಮೊಟ್ಟೆ ಅಂಟಿಕೊಂಡಿದ್ದವು. ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದಳು. ತೊಳೆದು ಬಾಯಿ ಕೆಳಗೆ ಮಾಡಿ ಇಟ್ಟಳು. ಆಮೇಲೆ ಎರಡನೆಯದು. ಆಮೇಲೆ ಮುಂದಿನದು. ಹಿತ್ತಲ ಚಿಪ್ಪು, ಒರಳಿನ ಗುಂಡಿ, ಕೋಳಿಯ ಬಟ್ಟಲು. ಕುಡಿಯುವ ನೀರಿನ ಕೊಡ ಒಂದನ್ನು ಹೊಸದಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದಳು.

ಸುಸ್ತಾಗಿ ಕೂತಳು. ಕಿವಿಯ ಹತ್ತಿರ ಗುಂಯ್.

"ಮರೆತೆ," ಎಂದಿತು ಒಂದು ಸೊಳ್ಳೆ.

ಎದ್ದು ಹುಡುಕಿದಳು. ಮನೆ ಮುಂದೆ ಇಲ್ಲ, ಹಿಂದೆ ಇಲ್ಲ. ಸೂರಿನ ಕೆಳಗೂ ಇಲ್ಲ. ಕೂತರೆ ಮತ್ತೆ ಗುಂಯ್. ಕೊನೆಗೆ ತಿಗರಿಯ ಹತ್ತಿರ ಹೋದಳು. ಕೈ ಅದ್ದಿಕೊಳ್ಳುವ ಬೋಗುಣಿ. ದಿನವೂ ಕೈ ಅದ್ದುತ್ತಿದ್ದ ನೀರು, ಹುಡುಗಿ ಮಲಗಿದಂದಿನಿಂದ ಕೈ ಹಾಕಿರಲಿಲ್ಲ. ತುಂಬ ಮರಿಗಳು ಕುಣಿಯುತ್ತಿದ್ದವು. ಕಣ್ಣೆದುರಿಗೇ ಇದ್ದದ್ದನ್ನು ಮರೆತಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಚೆಲ್ಲಿದಳು.

ಆದರೂ ಮನೆಗೆ ಸೊಳ್ಳೆ ಬರುವುದು ನಿಲ್ಲಲಿಲ್ಲ. ಪಕ್ಕದ ಮನೆಗಳ ಸೊಳ್ಳೆಗೆ ಇವಳ ಮನೆಯ ಬಾಗಿಲು ಯಾವ ದೂರ? ಊರಿನವರು ಸೊಳ್ಳೆಗಿಂತ ಮೊದಲು ಅವಳ ಕೊಡಗಳನ್ನು ನೋಡಿದರು. ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಕೆಲವರು ದಾರಿ ಬಿಟ್ಟು ಸುತ್ತಿಕೊಂಡು ಹೋದರು. ಹಾಗೆ ಸುತ್ತಿಕೊಂಡು ಹೋಗಲಾರದೆ ಬೆಟ್ಟಯ್ಯ ಬಂದ.

"ಸಾಲಾಗಿ ಬರಿ ಕೊಡ ದಬ್ಬಾಕಿದ್ದೀಯಲ್ಲ ಹೊಂಬಾಳಿ. ಊರು ಹಾಳಾಗ್ಲಿ ಅಂತಾನಾ?"

"ನಿಮ್ಮ ಬಾಗ್ಲಲ್ಲಿ ಕೊಡ ತುಂಬಿತ್ತಲ್ಲ ಯಜಮಾನ್ರೆ," ಎಂದಳು ಹೊಂಬಾಳಿ. "ಸಣ್ಣಮ್ಮ ಉಳಿದ್ಲಾ?"

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಬೆಟ್ಟಯ್ಯ ತಿರುಗಿ ಹೊರಟ. ಹೊಂಬಾಳಿ ಅವನ ಹಿಂದೆಯೇ ಅವನ ಮನೆಯ ತನಕ ಹೋದಳು. ಬಾಗಿಲ ಪಕ್ಕ ಒಂದು ಕೊಡ ತುಂಬಿ ಕೂತಿತ್ತು. ಅದರ ಮುಂದೆ ನೆಲ ಸವೆದಿತ್ತು. ಬೆಟ್ಟಯ್ಯ ದಿನವೂ ಅಲ್ಲೇ ಕೂರುತ್ತಿದ್ದ.

"ಇದು ಅವಳು ಕಡೇ ಸಲ ತುಂಬ್ಕೊಂಡು ಬಂದ ಕೊಡ," ಎಂದ. "ಇದನ್ನ ಚೆಲ್ಲು ಅಂತ ಹೇಳ್ಬ್ಯಾಡ."

"ಹೇಳಲ್ಲ," ಎಂದಳು ಹೊಂಬಾಳಿ. "ಒಂದು ಬಟ್ಟೆ ಕಟ್ತೀನಿ, ಅಷ್ಟೆ. ಮುಂದಿನ ಸಂತೆ ತನಕ ಯಾರೂ ಬಿಚ್ಬ್ಯಾಡಿ."

ತನ್ನ ಹಳೆಯ ಸೀರೆಯ ತೆಳ್ಳನೆ ಅಂಚು ಹರಿದು ಕೊಡದ ಬಾಯಿಗೆ ಬಿಗಿದು ಕಟ್ಟಿದಳು. ಬೆಟ್ಟಯ್ಯ ಬೇಡ ಅನ್ನಲಿಲ್ಲ.

ಸಂತೆ ಬರುವ ತನಕ ಹೊಂಬಾಳಿ ಹಾಸಿಗೆಯ ಪಕ್ಕ ಕೂತು ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಚಿಕ್ಕತಾಯಿ ನಡುಗುವುದನ್ನೂ ಬೆವರುವುದನ್ನೂ ನೋಡಿದಳು. ಹುಡುಗಿ ಕಣ್ಣು ಬಿಟ್ಟಾಗ ಗಂಜಿ ಕುಡಿಸಿದಳು, ಬಿಡದಿದ್ದಾಗ ತುಟಿ ಒದ್ದೆ ಮಾಡಿದಳು. ಬೇರೆ ಏನು ಮಾಡಲೂ ಅವಳಿಗೆ ತೋಚಲಿಲ್ಲ.

ಸಂತೆಯ ದಿನ ಬೆಟ್ಟಯ್ಯನ ಅಂಗಳದಲ್ಲಿ ಊರು ಸೇರಿತು. ಸೊಳ್ಳೆ ಆಕಾಶದಿಂದ ಬರುತ್ತದೆ ಎಂದು ಕೆಲವರು, ಕತ್ತಲೆಯಿಂದ ಹುಟ್ಟುತ್ತದೆ ಎಂದು ಕೆಲವರು. ಬೆಟ್ಟಯ್ಯ ಕೊಡದ ಮೇಲೆ ಬಗ್ಗಿದ. ಬಟ್ಟೆಯ ಒಳಮೈಗೆ ಕಪ್ಪಗೆ ಸೊಳ್ಳೆಗಳು ಕೂತಿದ್ದವು. ಮೇಲಿನಿಂದ ಒಂದೂ ಒಳಗೆ ಹೋಗಿರಲಿಲ್ಲ. ಹೋಗಲು ದಾರಿಯೇ ಇರಲಿಲ್ಲ. ಎಲ್ಲ ಒಳಗಿನಿಂದಲೇ ಹುಟ್ಟಿದ್ದವು. ಬೆಟ್ಟಯ್ಯ ಬಟ್ಟೆಗೆ ಕಿವಿ ಇಟ್ಟ.

"ಮರೆತೆ," ಎಂದವು ಸೊಳ್ಳೆಗಳು. "ಮರೆತೆ, ಮರೆತೆ."

"ನಾನು ಮರೆತಿರ್ಲಿಲ್ಲ ಕಣವ್ವ," ಎಂದ ಬೆಟ್ಟಯ್ಯ. ಅವನ ಕಣ್ಣಲ್ಲಿ ನೀರಿತ್ತು. "ದಿನಾ ಇದನ್ನೇ ನೋಡ್ತಾ ಕೂತಿದ್ದೆ."

"ಕೊಡ ನೋಡಿದ್ರಿ ಯಜಮಾನ್ರೆ," ಎಂದಳು ಹೊಂಬಾಳಿ. "ನೀರು ನೋಡ್ಲಿಲ್ಲ. ನಾನೂ ನೋಡಿರ್ಲಿಲ್ಲ."

ಬೆಟ್ಟಯ್ಯ ಕೊಡವನ್ನು ಎದೆಗವಚಿಕೊಂಡು ಹಿತ್ತಲಿಗೆ ಹೋದ. ಅಲ್ಲಿ ಸಣ್ಣಮ್ಮ ನೆಟ್ಟ ನುಗ್ಗೆಗಿಡ ಇತ್ತು. ಬಟ್ಟೆ ಬಿಚ್ಚದೆ ಅದರ ಬುಡಕ್ಕೆ ನಿಧಾನವಾಗಿ ಬಗ್ಗಿಸಿದ. ನೀರು ಬಟ್ಟೆಯಲ್ಲಿ ಸೋಸಿ ಗಿಡಕ್ಕೆ ಹೋಯಿತು. ಒಳಗೆ ಉಳಿದದ್ದು ಬಿಸಿಲಿಗೆ ಒಣಗಿತು. ಕೊಡವನ್ನು ತೊಳೆದ, ಬಾಯಿ ಕೆಳಗೆ ಮಾಡಿ ಬಾಗಿಲ ಪಕ್ಕ ಅದೇ ಜಾಗದಲ್ಲಿ ಇಟ್ಟ. ಯಜಮಾನ ಇಟ್ಟ ಮೇಲೆ ಇನ್ನೇನು? ಸಂಜೆಯ ಹೊತ್ತಿಗೆ ಊರಿನ ಕೊಡಗಳೆಲ್ಲ ಬೋರಲು ಬಿದ್ದಿದ್ದವು. ತುಂಬಿದ ಕೊಡ ಒಳ್ಳೆಯದೇ, ಆದರೆ ಅವತ್ತು ತುಂಬಿದ್ದು ಅವತ್ತಿಗೆ ಎಂದು ಬೆಟ್ಟಯ್ಯ ತನ್ನ ಮಾತನ್ನು ತಿದ್ದಿಕೊಂಡ. ಪ್ರತಿ ಸಂತೆಯ ದಿನ ಮನೆಮನೆಯಲ್ಲೂ ನೀರು ಚೆಲ್ಲಿ ತಿಕ್ಕುವುದು ರೂಢಿಯಾಯಿತು.

ಸೊಳ್ಳೆ ಕಡಿಮೆಯಾದವು. ಸವಾರಿ ಸಿಗದೆ ಚಳಿಜ್ವರ ಜವುಗಿನಲ್ಲೇ ಕೂತಿತು. ಚಿಕ್ಕತಾಯಿಯ ನಡುಕ ತಡವಾಗಿ ಬಂತು, ಇನ್ನೂ ತಡವಾಗಿ ಬಂತು, ಒಂದು ದಿನ ಬರಲಿಲ್ಲ. ಆ ದಿನ ಅವಳು ಎದ್ದು ಕೂತು ಉಪ್ಪು ಹಾಕಿದ ಗಂಜಿ ಕೇಳಿದಳು. ಕುಡಿದು ಮುಗಿಸಿ, "ಅಜ್ಜೀ, ಕುಣಿಯೋವು ಎಲ್ಲಿ?" ಎಂದಳು.

"ಹೋದ್ವು ಕಣವ್ವ," ಎಂದಳು ಹೊಂಬಾಳಿ. ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು.

ಹೆಬ್ಬೆಟ್ಟಿನ ಮಡಿಕೆಯನ್ನು ಯಾರೂ ಒಡೆಯಲಿಲ್ಲ. ಹೊಂಬಾಳಿ ಹೋದಳು, ಬೆಟ್ಟಯ್ಯ ಹೋದ, ಅಜ್ಜಿಯ ತಿಗರಿ ತಿರುಗಿಸಿ ಮುದುಕಿಯಾದ ಚಿಕ್ಕತಾಯಿಯೂ ಹೋದಳು. ಮಾತು ಮಾತ್ರ ಉಳಿಯಿತು. ಮರೆತ ನೀರು ಸೊಳ್ಳೆಯದು, ನೆನಪಿನ ನೀರು ಮನೆಯವರದು. ಸೊಳ್ಳೆ ಈಗಲೂ ಜಗಳವಾಡುವುದಿಲ್ಲ, ಕಿತ್ತುಕೊಳ್ಳುವುದಿಲ್ಲ. ಹೂಕುಂಡದ ಕೆಳಗಿನ ತಟ್ಟೆಯಲ್ಲಿ, ತಾರಸಿಗೆ ಎಸೆದ ಹಳೆಯ ಟೈರಿನಲ್ಲಿ, ಬೇಸಗೆ ಮುಗಿದ ಮೇಲೆ ಮೂಲೆ ಸೇರಿದ ಕೂಲರಿನಲ್ಲಿ, ಮುಚ್ಚಳ ಸರಿದ ತೊಟ್ಟಿಯಲ್ಲಿ ಯಾರಾದರೂ ಮರೆಯುತ್ತಾರೆ ಎಂದು ಕಾದು ಕೂತಿರುತ್ತದೆ. ಯಾರಾದರೂ ಮರೆತೇ ಮರೆಯುತ್ತಾರೆ.

ಅದಕ್ಕೇ ನೋಡು, ತೊಳೆದ ಕೊಡವನ್ನು ಅಮ್ಮ ಇವತ್ತಿಗೂ ಬಾಯಿ ಕೆಳಗೆ ಮಾಡಿ ಇಡುತ್ತಾಳೆ. ಸೊಳ್ಳೆ ಇವತ್ತಿಗೂ ಮೈಯೆಲ್ಲ ಬಿಟ್ಟು ಮೊದಲು ನಿನ್ನ ಕಿವಿಗೇ ಬರುತ್ತದೆ, ನಿಮ್ಮ ಮನೆಯ ಹತ್ತಿರ ಎಲ್ಲೋ ಒಂದಿಷ್ಟು ಮರೆತ ನೀರಿದೆ ಎಂದು ಹೇಳಿ, ಆಮೇಲೆ ಕಚ್ಚುತ್ತದೆ.